‘ಫೈವ್ ಸ್ಟಾರ್’ ಚಾಕೊಲೇಟಿನ ಜಾಹೀರಾತುಗಳಲ್ಲಿ ಮೈಮರೆವಿನ ವಿಚಾರ

‘ಫೈವ್ ಸ್ಟಾರ್’ ಎಂಬ ಚಾಕೊಲೇಟು ಭಾರತದ ಅಂಗಡಿಗಳಿಗೆ ಬಂದುದು ೧೯೬೯ರಲ್ಲಿ. ಅದನ್ನು ಮಾಡಿ ಮಾರಿದ ಕ್ಯಾಡ್ಬರಿ ಸಂಸ್ಥೆಯು ಈ ದೇಶದಲ್ಲಿ ವ್ಯಾಪಾರವನ್ನು ಆರಂಭಿಸಿದುದು ೧೯೪೮ರಲ್ಲಿ; ೨೦೧೪ರಿಂದ ಆ ಸಂಸ್ಥೆಗೆ ಮೊಂಡೆಲೆಜ್ ಇಂಡಿಯಾ ಎಂದು ಹೆಸರು. ಪದಾರ್ಥದ ಸ್ವರೂಪವು ಗಹನವಾದುದೇನೂ ಅಲ್ಲ. ಸಕ್ಕರೆಯನ್ನು ಹಾಲು ಜಿಡ್ಡುಗಳೊಡನೆ ಕಂದುಬಣ್ಣ ಬರುವಂತೆ ಕಾಯಿಸಿದ ಕ್ಯಾರಮೆಲ್, ಸಕ್ಕರೆಪಾಕವನ್ನು ಕಡೆದು ಹಗುರಮಾಡಿದ ನೂಗಟ್, ಇವೆರಡೂ ಕೂಡಿದ ತಿರುಳು. ಅದರ ಮೇಲೆ ಹಾಲುಚಾಕೊಲೇಟಿನ ಲೇಪ. ಅದಕ್ಕೆ ನಕ್ಷತ್ರಗಳ ಚಿತ್ರವುಳ್ಳ ಹೊಂಬಣ್ಣದ ಹೊದಿಕೆ. ತಿರುಳು ಅಂಟುಗುಣದ್ದು. ಕಡಿದೊಡನೆ ಮುರಿಯದೆ ಎಳೆಯಾಗಿ ಜಗ್ಗುವುದು, ಹಲ್ಲಿಗೆ ಹತ್ತುವುದು, ಬಾಯಲ್ಲಿ ಬಹಳ ಹೊತ್ತು ನಿಲ್ಲುವುದು. ವಾಚಕರು ಈ ಅಂಟನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕುದು. ಐವತ್ತು ವರ್ಷಗಳಿಗೂ ಮಿಕ್ಕ ಕಾಲದಲ್ಲಿ ಈ ಪದಾರ್ಥಕ್ಕಾಗಿ ಕಟ್ಟಿದ ವಾಕ್ಯಗಳೂ ಕಥೆಗಳೂ ಬಹುಮಟ್ಟಿಗೆ ಅದರಿಂದಲೇ ಹುಟ್ಟಿದುವು.

ಅಲಂಕಾರಶಾಸ್ತ್ರವನ್ನು ಪಾಠಹೇಳುವವರು ಶ್ಲೇಷಕ್ಕೋ ಧ್ವನಿಗೋ ಉದಾಹರಣೆ ಬೇಕಾದಾಗ ಜಾಹೀರಾತುಗಳ ಕಡೆಗೆ ಕೈಚಾಚುವುದು ಈಗ ಅಪರೂಪವಲ್ಲ. ವಿದ್ಯಾರ್ಥಿಗಳಿಗೆ ಮುದ್ರಾರಾಕ್ಷಸಕ್ಕಿಂತ ಅವು ಹೆಚ್ಚು ಪರಿಚಿತವಾದುದರಿಂದ ಇದು ಸಹಜವೇ. ವ್ಯಾಪಾರಕ್ಕಾಗಿ ಹುಟ್ಟಿದ ಮಾತನ್ನು ಶಾಸ್ತ್ರದ ಒರೆಗೆ ಹಚ್ಚಬಾರದೆಂಬ ಆಕ್ಷೇಪವಂತೂ ನಿಲ್ಲತಕ್ಕುದಲ್ಲ. ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಯಶಸ್ಸಿನ ಮಗ್ಗುಲಲ್ಲಿಯೇ ಧನಲಾಭವನ್ನು ಇರಿಸಿದ್ದಾನೆ. ದತ್ತಿ ಪಡೆದವರು ದಾನಿಗಳನ್ನು ಹೊಗಳಿ ಕಲ್ಲಿನಲ್ಲಿ ಕೆತ್ತಿಸಿದ ಪ್ರಶಸ್ತಿಗಳನ್ನೆಲ್ಲ ಓದಿ ಅರ್ಥವಿಸಿ ಮೆಚ್ಚುವ ಪಂಡಿತನು ಅಂಗಡಿಯ ಪ್ರಶಸ್ತಿಗೆ ಮಾತ್ರ ಮೂಗುಮುರಿಯುವುದು ನ್ಯಾಯವಾಗಲಾರದು. ಆದರೆ ತಂದ ಉದಾಹರಣೆಯು ಯಾವುದಕ್ಕೆ ಉದಾಹರಣೆಯೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಫೈವ್ ಸ್ಟಾರಿನ ಅತ್ಯಂತ ಪ್ರಸಿದ್ಧವಾದ ಘೋಷವಾಕ್ಯವು, ರಸಾಸ್ವಾದಕ್ಕೆ ಆಲಂಕಾರಿಕರು ಹೇಳಿದ ಮುಖ್ಯಲಕ್ಷಣವನ್ನೇ ತನ್ನ ಪದಾರ್ಥದ ಗುಣವೆಂದು ಹೇಳಿಕೊಳ್ಳುವಂತಿದೆ. ಅದನ್ನು ಪರೀಕ್ಷಿಸದೆ ರಸಕ್ಕೆ ದೃಷ್ಟಾಂತವಾಗಿ ಕೊಟ್ಟರೆ ವಿದ್ಯಾರ್ಥಿಯು ರಸವೆಂದು ಬೇರೊಂದನ್ನು ಕಲಿತು ಹೋಗುವನು.

ಆ ವಾಕ್ಯವನ್ನು ಮುಟ್ಟುವುದಕ್ಕೆ ಮುಂಚೆ ಹಿಂದಿನವನ್ನು ನೋಡಬೇಕು. ೧೯೭೦ರ ದಶಕದ ಇಂಗ್ಲಿಷ್ ಜಾಹೀರಾತಿನ ಮಾತಿನ ಭಾವವು ಇಷ್ಟು: ಸವಿಯು ಎಷ್ಟು ಸಮೃದ್ಧವೆಂದರೆ, ಇನ್ನೊಬ್ಬರೊಡನೆ ಹಂಚಿಕೊಳ್ಳಲು ಮನಸ್ಸೇ ಬಾರದು. ತಿನ್ನುವವನ ಲೋಭವನ್ನು ಹೇಳಿ ತಿನಿಸಿನ ಹಿರಿಮೆಯನ್ನು ತೋರಿಸುವುದರಿಂದ ಇದು ವ್ಯಾಜಸ್ತುತಿ. ಒಬ್ಬನ ನಿಂದೆಯಿಂದ ಮತ್ತೊಂದರ ಸ್ತುತಿಯು ಹೊಮ್ಮುವ ಬಗೆಯದು. ಆಮೇಲಿನ ವಾಕ್ಯವು ಇದಕ್ಕೆ ನೇರವಾಗಿ ತಿರುಗಿ ನಿಂತಿತು. ಒಡನಿರುವಿಕೆಯ ಸವಿ, ಅದೂ ನಿಂತುಳಿಯುವ ಸವಿ, ಎಂದು ಅದರ ಅರ್ಥ. ಹಂಚಿಕೊಳ್ಳಲಾರದ ತಿನಿಸು ಈಗ ಇಬ್ಬರನ್ನು ಕೂಡಿಸುವ ತಿನಿಸಾಯಿತು. ಬಾಯಲ್ಲಿ ತಡವಾಗಿ ಕರಗುವ ಅಂಟನ್ನು ಪ್ರೀತಿಯ ನೆನಪಿನೊಂದಿಗೆ ಸೇರಿಸಿದ ಈ ಉಕ್ತಿಯಲ್ಲಿ ನಿಜವಾದ ಚೆಲುವುಂಟು. ಗಂಟೆಯನ್ನು ಬಡಿದಾದ ಮೇಲೂ ನಾದವು ಉಳಿಯುವಂತೆ ವಾಚ್ಯಾರ್ಥದ ಬೆನ್ನಿಗೆ ವ್ಯಂಗ್ಯಾರ್ಥವು ಉಳಿಯುವುದೆಂದು ಆನಂದವರ್ಧನನ ಮತಾನುಯಾಯಿಗಳು ಹೇಳುವರಷ್ಟೆ. ಆ ಅನುರಣನವನ್ನು ನಾಲಗೆಯ ಮೇಲೆ ತಂದಿಟ್ಟಂತಿದೆ. ಹೊರಟುಹೋದ ಘೋಷವಾಕ್ಯಗಳಲ್ಲಿ ಇದೇ ಉತ್ತಮವೆಂದು ಹೇಳಲು ಅಡ್ಡಿಯಿಲ್ಲ. ೧೯೮೦ರ ದಶಕದ ಕೊನೆಗೆ ಬಂದುದು ಮೆತ್ತಗಿದೆ, ಅಗಿಯಲು ಬರುತ್ತದೆ ಎಂಬಷ್ಟೇ ಮಾತು. ಅದು ಸ್ವಭಾವೋಕ್ತಿ, ಹೆಚ್ಚು ಹೇಳಬೇಕಾದುದಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಓಗಿಲ್ವಿ ಸಂಸ್ಥೆಯವರು ರಮೇಶ, ಸುರೇಶ ಎಂಬ ಇಬ್ಬರನ್ನು ಸೃಷ್ಟಿಸಿದರು. ಇವರ ಚಿತ್ರಗಳ ಕೊನೆಗೆ ಬರುವ ಹಿಂದಿಯ ವಾಕ್ಯವೇ ‘ಜೋ ಖಾಯೇ, ಖೋ ಜಾಯೇ’. ಯಾವನು ತಿನ್ನುವನೋ ಅವನು ತನ್ನನ್ನು ಕಳೆದುಕೊಳ್ಳುವನು ಎಂದು ಅರ್ಥ. ಮೀಮಾಂಸಕರ ಕಣ್ಣಿಗೆ ಇದರ ರಚನೆಯು ತೀರ ಪರಿಚಿತವಾದುದು. ಇದರಲ್ಲಿ ವಿಧಿಪ್ರತ್ಯಯವಿಲ್ಲ, ಕೊಳ್ಳಿರಿ, ತಿನ್ನಿರಿ ಎಂಬ ಪ್ರೇರಣೆಯಿಲ್ಲ. ಕರ್ಮವನ್ನು ಅನುವಾದಮಾಡಿ ಅದರ ಫಲವನ್ನು ಮಾತ್ರ ಹೇಳುತ್ತದೆ. ಇಂತಹ ಅರ್ಥವಾದವನ್ನು ಕಂಡರೆ ವಿಧಿಯನ್ನು ಕಲ್ಪಿಸಿಕೊಳ್ಳುವ ಭಾರವು ಕೇಳಿದವನ ಮೇಲೆ ಬೀಳುವುದು. ಸ್ವರ್ಗಕಾಮನು ಯಜ್ಞಕ್ಕೆ ತಾನಾಗಿಯೇ ಹೊರಡುವಂತೆ, ಕಳೆದುಹೋಗಬೇಕೆನ್ನುವವನು ಅಂಗಡಿಗೆ ತಾನಾಗಿಯೇ ಹೊರಡುವನು. ‘ಖಾಯೇ’, ‘ಖೋ ಜಾಯೇ’ ಎಂಬ ಪ್ರಾಸದ ಬಿಗಿಯಲ್ಲಿ ತಿನ್ನುವುದಕ್ಕೂ ಕಳೆದುಹೋಗುವುದಕ್ಕೂ ನಡುವೆ ಕಾಲದ ಅಂತರವೇ ಇಲ್ಲದಂತೆ ತೋರುವುದು. ಕನ್ನಡದಲ್ಲಿ ‘ತಿಂದವನು ಮೈಮರೆವನು’ ಎಂದು ಹೇಳಿದರೆ ಅರ್ಥವು ಬರುತ್ತದೆ, ಬಿಗಿ ಬರುವುದಿಲ್ಲ.

ಈಗ ಪ್ರಕೃತ ಪ್ರಶ್ನೆಗೆ ಬರಬಹುದು. ರಸಸಿದ್ಧಾಂತವು ಹುಟ್ಟಿದುದೇ ಅಡಿಗೆಮನೆಯ ದೃಷ್ಟಾಂತದಿಂದ. ಬೆಲ್ಲವೇ ಮೊದಲಾದ ದ್ರವ್ಯಗಳೂ ವ್ಯಂಜನಗಳೂ ಓಷಧಿಗಳೂ ಕೂಡಿ ಹೇಗೆ ಷಾಡವಾದಿ ರಸಗಳಾಗುವುವೋ ಹಾಗೆ ನಾನಾಭಾವಗಳು ಕೂಡಿ ಸ್ಥಾಯಿಯು ರಸವಾಗುವುದೆಂದು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಹೇಳುತ್ತದೆ. ಆದಕಾರಣ ಸಿಹಿತಿನಿಸಿನ ವ್ಯಾಪಾರಿಯು ರಸದ ಮಾತನ್ನು ಎತ್ತಿಕೊಂಡರೆ ಅವನು ಪರರ ಸೊತ್ತನ್ನು ಕದ್ದನೆನ್ನಲಾಗದು. ಆಲಂಕಾರಿಕರೇ ಅವನಿಂದ ಸಾಲ ತಂದವರು. ಆದರೆ ಸಾಲ ತಂದ ಮೇಲೆ ಅವರು ಆ ಮಾತಿಗೆ ಹೊಸ ಕಟ್ಟುಪಾಡನ್ನು ವಿಧಿಸಿದರು. ರಸಾನುಭವದ ಕಾಲದಲ್ಲಿ ಬೇರೆ ಯಾವ ಅರಿಯತಕ್ಕ ವಸ್ತುವೂ ಮನಸ್ಸನ್ನು ಮುಟ್ಟುವುದಿಲ್ಲ, ವೇದ್ಯಾಂತರವೆಲ್ಲ ಕರಗಿಹೋಗಿರುವುದು. ಇದು ಮಮ್ಮಟನಿಗೂ ವಿಶ್ವನಾಥನಿಗೂ ಸಮಾನವಾದ ಮತ. ಮೇಲುನೋಟಕ್ಕೆ ‘ಖೋ ಜಾಯೇ’ ಎಂಬುದೂ ಇದೇ. ಕೈಯಲ್ಲಿ ಹೊಂಬಣ್ಣದ ಹೊದಿಕೆಯನ್ನು ಹಿಡಿದ ರಮೇಶನಿಗೆ ಎದುರಿಗಿರುವವನು ಯಾರೆಂಬುದೂ ತಿಳಿಯದು, ತಾನು ಬಂದ ಕೆಲಸವೂ ತಿಳಿಯದು. ಇದಕ್ಕಿಂತ ಸಂಪೂರ್ಣವಾದ ವೇದ್ಯಾಂತರವಿಗಲನವು ಎಲ್ಲಿದೆ?

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಬೇಕು. ಶಾಸ್ತ್ರವು ಕರಗುವುದೆಂದು ಹೇಳಿದುದು ಇತರ ವೇದ್ಯವನ್ನು, ಅರಿಯುವವನನ್ನಲ್ಲ. ಅರಿಯುವವನು ಆಗ ಎಂದಿಗಿಂತ ಹೆಚ್ಚು ಎಚ್ಚರವಾಗಿರುವನು, ಎಚ್ಚರವಿಲ್ಲದವನಿಗೆ ಚರ್ವಣೆಯೆಂಬುದಿಲ್ಲ. ಎರಡನೆಯದಾಗಿ, ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳುವಾಗ ಅವುಗಳಲ್ಲೊಂದಾಗಿ ನಿಜಸುಖಾದಿಗಳಿಗೆ ವಿವಶನಾಗುವುದನ್ನು ಎಣಿಸಿದ್ದಾನೆ. ತನ್ನ ಸ್ವಂತ ಸುಖದಲ್ಲಿ ಮುಳುಗಿದವನ ಸಂವಿತ್ತು ಬೇರೊಂದು ವಸ್ತುವಿನಲ್ಲಿ ವಿಶ್ರಮಿಸಲಾರದು. ರಮೇಶಸುರೇಶರ ಸ್ಥಿತಿಯು ಅಕ್ಷರಶಃ ಇದೇ. ಆದುದರಿಂದ ಘೋಷವಾಕ್ಯವು ವರ್ಣಿಸುವುದು ರಸವನ್ನಲ್ಲ, ರಸವಿಘ್ನವನ್ನು. ಅವರಲ್ಲಿರುವ ಭಾವವು ಮೋಹ, ಸ್ವಲ್ಪ ಮುಂದೆ ಹೋದರೆ ಜಡತೆ. ಇವೆರಡೂ ಮೂವತ್ತಮೂರು ವ್ಯಭಿಚಾರಿಭಾವಗಳ ಪಟ್ಟಿಯಲ್ಲಿರುವುವು. ಸಾಳ್ವನ ‘ರಸರತ್ನಾಕರ’ವನ್ನು ಓದಿದ ಕನ್ನಡ ವಿದ್ಯಾರ್ಥಿಗೂ ಈ ಹೆಸರುಗಳು ಹೊಸವಲ್ಲ. ಬಂದು ಹೋಗಬೇಕಾದ ವ್ಯಭಿಚಾರಿಯನ್ನು ಮನೆಯ ಯಜಮಾನನ ಪೀಠದಲ್ಲಿ ಕೂರಿಸಿದುದು ಈ ಜಾಹೀರಾತಿನ ವಿಶೇಷ.

ಕನ್ನಡದ ‘ಮೈಮರೆ’ ಎಂಬ ಮಾತು ಈ ಭೇದವನ್ನು ಹಿಂದಿಯ ಮಾತಿಗಿಂತ ಚೆನ್ನಾಗಿ ಕಾಪಾಡಿಕೊಂಡಿದೆ. ಹಿಂದಿಯಲ್ಲಿ ಕಳೆದುಹೋಗುವವನು ತಾನೇ. ಕನ್ನಡದಲ್ಲಿ ಮರೆಯುವುದು ಮೈಯನ್ನು, ಮರೆಯುವವನು ಉಳಿದಿರುವನು. ಸಂಗೀತವನ್ನು ಕೇಳಿ ಮೈಮರೆತನು ಎಂದರೆ ಹೊಗಳಿಕೆ. ಮೈಮರೆತು ನಡೆದು ಎಡವಿದನು ಎಂದರೆ ತೆಗಳಿಕೆ. ಒಂದೇ ಮಾತು ಎರಡು ಕಡೆಗೂ ಸಲ್ಲುವುದರಿಂದ, ಅದನ್ನು ಕೇಳಿದ ಕನ್ನಡಿಗನು ಎಡವಿದನೇ ಇಲ್ಲವೇ ಎಂದು ಕೇಳಿಯೇ ಕೇಳುವನು.

ರಮೇಶಸುರೇಶರ ಚಿತ್ರಗಳಲ್ಲಿ ಬಹುಪ್ರಸಿದ್ಧವಾದುದು ದರ್ಜಿಯ ಅಂಗಡಿಯದು. ತಂದೆಯ ಷರಾಯಿಯನ್ನು ಒಂದು ಗೇಣು ಗಿಡ್ಡಮಾಡಿಕೊಡಬೇಕೆಂದು ಇವರು ಹೇಳುವರು. ಆಮೇಲೆ ಫೈವ್ ಸ್ಟಾರ್ ತಿಂದು ಮೈಮರೆಯುವರು. ಒಬ್ಬರನ್ನೊಬ್ಬರು ಆಗತಾನೆ ಕಂಡವರಂತೆ ಹೆಸರುಹಿಡಿದು ಕರೆದು ಹಿಗ್ಗುವರು. ಬಂದ ಕೆಲಸವು ನೆನಪಾಗಿ ಮತ್ತೆ ಒಂದು ಗೇಣು ಗಿಡ್ಡಮಾಡಲು ಹೇಳುವರು. ದರ್ಜಿಯು ಹೇಳಿದಂತೆ ಮಾಡುತ್ತಾ ಹೋಗುವನು. ಷರಾಯಿಯು ಚಡ್ಡಿಯಾಗುವುದು. ವಿರಹವಿಲ್ಲದೆಯೇ ಮೇಲೆಮೇಲೆ ಅಭಿಜ್ಞಾನವು ಒದಗುವ ಈ ಇಬ್ಬರನ್ನು ಕಂಡು ನಗದವನು ಕಲ್ಲೆದೆಯವನೇ ಸರಿ. ಹಾಸ್ಯವು ಬಲು ನೇರ್ಪಾಗಿದೆ. ಒಂದು ಗೇಣು ಎಂಬ ಅಳತೆಯು ಪ್ರತಿಸಲವೂ ಒಂದೇ, ಮುಖದ ಗಾಂಭೀರ್ಯವೂ ಒಂದೇ. ಬಟ್ಟೆ ಮಾತ್ರ ಬದಲಾಗುತ್ತಾ ಬರುವುದು. ದರ್ಜಿಯ ಪಾತ್ರದ ಔಚಿತ್ಯವನ್ನೂ ಗಮನಿಸಬೇಕು: ಅವನು ವಾದಿಸುವುದಿಲ್ಲ. ಗಿರಾಕಿಯ ಮಾತನ್ನು ಮೀರದ ಕಸುಬಿನವನ ವಿನಯವೇ ಅನರ್ಥಕ್ಕೆ ಸಹಕಾರಿಯಾಗುವುದು.

ಮಹೇಂದ್ರವರ್ಮನ ‘ಮತ್ತವಿಲಾಸ’ ಪ್ರಹಸನವನ್ನು ಬಲ್ಲವರಿಗೆ ಈ ಚಿತ್ರವು ಅದರ ದೂರದ ನಂಟನೆಂದು ತೋರಬಹುದು. ಅಲ್ಲಿಯ ಕಾಪಾಲಿಕ ಸತ್ಯಸೋಮನು ಕುಡಿದು ಮೈಮರೆತು ತನ್ನ ಕಪಾಲವನ್ನೇ ಕಳೆದುಕೊಳ್ಳುವನು. ಅದನ್ನು ನಾಯಿ ಕಚ್ಚಿಕೊಂಡು ಹೋಗಿರುತ್ತದೆ. ಅವನು ಬೌದ್ಧಭಿಕ್ಷುವಿನ ಮೇಲೆ ಕಳವನ್ನು ಹೊರಿಸುವನು. ಏಳನೆಯ ಶತಮಾನದ ಆ ಪ್ರಹಸನಕ್ಕೂ ದರ್ಜಿಯ ಚಿತ್ರಕ್ಕೂ ಸಮಾನವಾದುದು ಇದು: ಮೈಮರೆವಿಗೆ ಬೆಲೆಯುಂಟು, ಆ ಬೆಲೆಯು ಕಣ್ಣೆದುರಿಗೇ ಇರುವುದು. ಒಂದರಲ್ಲಿ ಕಪಾಲ, ಇನ್ನೊಂದರಲ್ಲಿ ಅಪ್ಪನ ಷರಾಯಿ. ನಗುವವನು ತಿಂದವನೊಡನೆ ಕಳೆದುಹೋಗುವುದಿಲ್ಲ. ಗೇಣುಗಳನ್ನು ಎಣಿಸುತ್ತಾ ಎಚ್ಚರವಾಗಿ ಕುಳಿತಿರುವನು. ಹೀಗೆ ಘೋಷವಾಕ್ಯವು ಒಂದನ್ನು ಹೇಳಿದರೂ ಚಿತ್ರವು ಬೇರೊಂದನ್ನು ಕೊಟ್ಟಿತು. ಪಾತ್ರಗಳಿಗೆ ಮೋಹ, ಸಹೃದಯನಿಗೆ ಹಾಸ್ಯ. ಜಾಹೀರಾತುಗಳಿಂದ ರಸಕ್ಕೆ ಉದಾಹರಣೆ ಕೊಡಲೇಬೇಕಾದರೆ ಈ ಚಿತ್ರವನ್ನು ಕೊಡಬಹುದು, ಅದರ ಘೋಷವಾಕ್ಯವನ್ನಲ್ಲ.

೨೦೧೯-೨೦ರ ಹೊತ್ತಿಗೆ ಘೋಷವಾಕ್ಯವು ಬದಲಾಯಿತು. ಹೊಸದು ಇಂಗ್ಲಿಷಿನದು: ಫೈವ್ ಸ್ಟಾರ್ ತಿನ್ನು, ಏನನ್ನೂ ಮಾಡಬೇಡ. ಮಾರ್ಪಾಟು ಅಲ್ಪವೆಂದು ತೋರಬಹುದು, ಆದರೆ ವಾಕ್ಯದ ಜಾತಿಯೇ ಬೇರೆಯಾಯಿತು. ಅರ್ಥವಾದವು ಹೋಗಿ ವಿಧಿಯು ಬಂದಿತು. ಒಂದು ವಿಧಿ, ಒಂದು ನಿಷೇಧ. ಮೊದಲು ಮೈಮರೆವು ತಿಂದವನಿಗೆ ತಾನಾಗಿ ಒದಗುವ ಅವಸ್ಥೆಯಾಗಿತ್ತು. ಈಗ ಅದು ಆಚರಿಸತಕ್ಕ ವ್ರತವಾಯಿತು. ಮೋಹದ ಸ್ಥಾನದಲ್ಲಿ ಆಲಸ್ಯವು ಬಂದು ಕುಳಿತಿತು. ಕನ್ನಡನಾಡಿನ ಉಂಡಾಡಿ ಗುಂಡನು ಉಂಡು ಸುಮ್ಮನಿರುತ್ತಿದ್ದನೇ ಹೊರತು ಸುಮ್ಮನಿರಿರೆಂದು ಊರಿಗೆ ಉಪದೇಶಮಾಡಲಿಲ್ಲ.

ಈ ಮಾಲೆಯಲ್ಲಿ ವಿಮರ್ಶೆಗೆ ಅರ್ಹವಾದ ಚಿತ್ರವೊಂದಿದೆ. ಮುದುಕಿಯೊಬ್ಬಳ ಊರುಗೋಲು ಬಿದ್ದುಹೋಗುವುದು. ಸಮೀಪದಲ್ಲಿದ್ದ ತರುಣನನ್ನು ಎತ್ತಿಕೊಡಲು ಕೇಳುವಳು. ಅವನು ಫೈವ್ ಸ್ಟಾರ್ ತಿನ್ನುವುದರಲ್ಲಿ ಮಗ್ನನಾಗಿದ್ದು ಅಲುಗುವುದಿಲ್ಲ. ಬೇರೆ ದಾರಿಯಿಲ್ಲದೆ ಅವಳೇ ಹೋಗಿ ಕೋಲನ್ನು ಎತ್ತಿಕೊಳ್ಳುವಳು. ಅಷ್ಟರಲ್ಲಿ ಅವಳು ಮೊದಲಿದ್ದ ಸ್ಥಳದ ಮೇಲೆ ಒಂದು ಪಿಯಾನೋ ಬಿದ್ದು ಚೂರಾಗುವುದು. ಅವನು ಏನನ್ನೂ ಮಾಡದಿದ್ದುದರಿಂದ ತನ್ನ ಜೀವವುಳಿಯಿತೆಂದು ಮುದುಕಿಯು ಅವನಿಗೆ ಕೃತಜ್ಞತೆಯನ್ನು ಹೇಳುವಳು.

ಯುಕ್ತಿಯು ಚಮತ್ಕಾರವುಳ್ಳದ್ದೆಂಬುದನ್ನು ಅಲ್ಲಗಳೆಯಲಾಗದು. ಅಪ್ಪಯ್ಯದೀಕ್ಷಿತನು ‘ಕುವಲಯಾನಂದ’ದಲ್ಲಿ ಹೇಳಿರುವ ಲೇಶಾಲಂಕಾರಕ್ಕೆ, ಎಂದರೆ ದೋಷವನ್ನು ಗುಣವೆಂದು ಕಲ್ಪಿಸುವ ಚಾತುರ್ಯಕ್ಕೆ, ಇದಕ್ಕಿಂತ ಸ್ಫುಟವಾದ ಲಕ್ಷ್ಯವು ಸಿಕ್ಕುವುದು ಕಷ್ಟ. ಆದರೆ ಕಥೆಯು ನಿಂತಿರುವುದು ಕಾಕತಾಲೀಯದ ಮೇಲೆ. ಕಾಗೆಯು ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧವಿಲ್ಲ. ಪಿಯಾನೋ ಬೀಳುವುದಕ್ಕೂ ತರುಣನು ಸುಮ್ಮನಿದ್ದುದಕ್ಕೂ ಸಂಬಂಧವಿಲ್ಲ. ನ್ಯಾಯಶಾಸ್ತ್ರದ ಮೊದಲನೆಯ ಪಾಠವನ್ನು ಓದಿದ ಹುಡುಗನೂ ಇದನ್ನು ಅನ್ಯಥಾಸಿದ್ಧವೆಂದು ತಳ್ಳಿಬಿಡುವನು. ಆ ತರುಣನು ಒಡನೆಯೇ ಎದ್ದು ಕೋಲನ್ನು ಎತ್ತಿಕೊಟ್ಟು, ಅಜ್ಜಿಯನ್ನು ಕೈಹಿಡಿದು ನಡೆಯಿಸಿದ್ದರೂ ಅವಳು ಬದುಕುತ್ತಿದ್ದಳು.

ಈ ಕಥೆಗೆ ಸಂಸ್ಕೃತದಲ್ಲಿ ಒಂದು ಸಮಾನವಸ್ತುವುಂಟು, ಅದೂ ಕಾಳಿದಾಸನಲ್ಲಿಯೇ. ಶಾಕುಂತಲದ ನಾಲ್ಕನೆಯ ಅಂಕದ ಆರಂಭದಲ್ಲಿ ಶಕುಂತಲೆಯು ಮೈಮರೆತು ಕುಳಿತಿರುವಳು. ದುರ್ವಾಸನು ಬಾಗಿಲಲ್ಲಿ ನಿಂತು ಕೂಗಿದುದು ಅವಳಿಗೆ ಕೇಳಿಸದು. ಅವಳ ಮೈಮರೆವು ಪತಿಯ ಸ್ಮರಣೆಯಿಂದ ಆದುದು. ಅದಕ್ಕಿಂತ ಶುದ್ಧವಾದ ಕಾರಣವನ್ನು ಕಲ್ಪಿಸಲಾಗದು. ಆದರೂ ಕವಿಯು ಅವಳನ್ನು ಬಿಡಲಿಲ್ಲ. ಎದುರಿಗೆ ಬಂದವರನ್ನು ನೋಡದ ತಪ್ಪಿಗೆ, ನೋಡಬೇಕಾದವನೇ ಅವಳನ್ನು ಮರೆಯುವಂತಾಯಿತು. ದುರ್ವಾಸನ ಕೋಪವು ಅತಿಯಾಯಿತೆಂದು ಸಖಿಯರಿಗೂ ಅನ್ನಿಸುವುದು, ಓದುವವರಿಗೂ ಅನ್ನಿಸುವುದು. ಆದರೆ ನಾಟಕದ ಮುಂದಿನ ಅಂಕಗಳ ಕಾರುಣ್ಯವೆಲ್ಲ ಆ ಒಂದು ಅನವಧಾನದಿಂದ ಹರಿದು ಬಂದುದು. ಜಾಹೀರಾತಿನಲ್ಲಿಯೂ ಮೈಮರೆತ ಯೌವನವಿದೆ, ಎದುರಿಗೆ ಬಂದು ಕೇಳುವ ವೃದ್ಧಾಪ್ಯವಿದೆ, ಕೇಳಿಸದ ಕಿವಿಯಿದೆ. ಶಾಪವಿರಬೇಕಾದ ಸ್ಥಳದಲ್ಲಿ ಮಾತ್ರ ಆಶೀರ್ವಾದವನ್ನು ಇಡಲಾಗಿದೆ. ಹಾಗೆ ಇಡದೆ ವ್ಯಾಪಾರಿಗೆ ಗತಿಯಿಲ್ಲ. ತಿಂದು ಮೈಮರೆತುದಕ್ಕೆ ಅಂಗಡಿಯಲ್ಲಿ ಕೊಟ್ಟ ಹಣದ ಹೊರತು ಬೇರೊಂದು ಬೆಲೆಯನ್ನೂ ಕೊಡಬೇಕೆಂದು ತೋರಿಸಿದರೆ ಕೊಳ್ಳುವವನು ಹಿಂಜರಿಯುವನು. ಕವಿಗೆ ಈ ಸಂಕಟವಿಲ್ಲ. ಆದಕಾರಣ ಅವನು ಮೈಮರೆವನ್ನು ಕೊನೆಯವರೆಗೂ ಹಿಂಬಾಲಿಸಬಲ್ಲನು. ಧನಲಾಭವು ಪ್ರಯೋಜನವಾಗಿರುವುದರಿಂದ ಜಾಹೀರಾತು ಕಾವ್ಯದಿಂದ ಬೇರೆಯಾಗುವುದಿಲ್ಲ. ಫಲವನ್ನು ಒಂದೇ ಕಡೆಗೆ ತಿರುಗಿಸಲೇಬೇಕಾದ ನಿರ್ಬಂಧದಿಂದ ಬೇರೆಯಾಗುವುದು.

ನಗೆಗಾಗಿ ಮಾಡಿದುದರಲ್ಲಿ ಇಷ್ಟು ಭಾರವನ್ನು ಹೊರಿಸಬಹುದೇ, ಪಿಯಾನೋ ಬೀಳುವ ಕಥೆಯನ್ನು ಯಾರಾದರೂ ನಿಜವೆಂದು ನಂಬುವರೇ ಎಂದು ಕೇಳಬಹುದು. ಯಾರೂ ನಂಬರು. ಪಿಯಾನೋವನ್ನು ಆರಿಸಿದುದೇ ನಂಬಬೇಡಿರೆಂದು ಕಣ್ಣುಮಿಟುಕಿಸುವುದಕ್ಕಾಗಿ. ಈ ಮಟ್ಟಿಗೆ ಜಾಹೀರಾತುಗಾರನು ಪ್ರಾಮಾಣಿಕನೆಂದೇ ಹೇಳಬೇಕು. ಆಲಸ್ಯವೂ ತಂದ್ರೆಯೂ ನಿದ್ರೆಯೂ ಹಾಸ್ಯರಸದ ವ್ಯಭಿಚಾರಿಗಳೆಂದು ಭರತನೇ ಹೇಳಿರುವುದರಿಂದ ಆಲಸ್ಯವನ್ನು ನಗೆಗೆ ಬಳಸಿದುದು ತಪ್ಪಲ್ಲ. ದರ್ಜಿಯ ಚಿತ್ರವನ್ನು ಮೆಚ್ಚಿ ಇದನ್ನು ಮೆಚ್ಚದಿರಲು ಕಾರಣವು ಬೇರೆ. ಅದರಲ್ಲಿ ನೋಡುವವನು ಆಲಸಿಗಳನ್ನು ನೋಡಿ ನಗುವನು. ಇದರಲ್ಲಿ ಆಲಸಿಯೊಡನೆ ಸೇರಿ ಮುದುಕಿಯ ಕೋರಿಕೆಯನ್ನು ನೋಡಿ ನಗುವನು. ನಗೆಯ ಆಲಂಬನವು ಸ್ಥಾನವನ್ನು ಬದಲಾಯಿಸಿದೆ. ಕೇಳಿದವಳೇ ಕೊನೆಗೆ ಉಪಕಾರವನ್ನು ಸ್ಮರಿಸಬೇಕಾಗಿ ಬಂದುದನ್ನು ಎರಡನೆಯ ಸಲ ನೋಡುವಾಗ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಆಲಸ್ಯವನ್ನು ಅಂಗೀಕರಿಸಿದುದಕ್ಕೆ ಮತ್ತೊಂದು ಪರಿಣಾಮವಾಯಿತು. ಶೃಂಗಾರದಲ್ಲಿ ಬರಬಾರದ ಭಾವಗಳನ್ನು ಹೇಳುವಾಗ ಭರತನು ಆಲಸ್ಯ, ಉಗ್ರತೆ, ಜುಗುಪ್ಸೆ ಈ ಮೂರನ್ನು ಹೊರಗಿಟ್ಟಿದ್ದಾನೆ. ಒಂದು ಕಾಲಕ್ಕೆ ಒಡನಿರುವಿಕೆಯ ಸವಿಯನ್ನು ಹೊಗಳಿದ ಪದಾರ್ಥವು ಆಲಸ್ಯವನ್ನು ಧ್ವಜವಾಗಿ ಹಿಡಿದ ಕೆಲವೇ ವರ್ಷಗಳಲ್ಲಿ ಪ್ರೇಮಿಗಳ ದಿನದ ಪ್ರಕಟಶತ್ರುವಾದುದು ನಾಟ್ಯಶಾಸ್ತ್ರವನ್ನು ಓದಿದವರಿಗೆ ಆಶ್ಚರ್ಯವನ್ನುಂಟುಮಾಡದು. ಜಾಹೀರಾತುಗಾರರು ಭರತನನ್ನು ಓದಿದ್ದರೆಂದಲ್ಲ. ಭಾವಗಳಿಗೆ ತಮ್ಮವೇ ಆದ ಶತ್ರುಮಿತ್ರತ್ವಗಳಿವೆ.

೨೦೨೨ರ ಫೆಬ್ರವರಿಯಲ್ಲಿ ಅವರು ಒಂದು ದ್ವೀಪಕ್ಕೆ ‘ಮೈ ಕಸಿನ್ಸ್ ವೆಡ್ಡಿಂಗ್’ ಎಂದು ಹೆಸರಿಟ್ಟರು. ಒಂಟಿಯಾದವರು ಆ ದಿನದ ಗದ್ದಲದಿಂದ ಪಾರಾಗಿ ಅಲ್ಲಿಗೆ ಹೋಗಬಹುದು. ಎಲ್ಲಿಗೆ ಹೊರಟೆಯೆಂದು ಕೇಳಿದವರಿಗೆ ಆ ಹೆಸರನ್ನು ಹೇಳಿದರೆ ಅದು ಸುಳ್ಳಾಗದು. ನೈಯಾಯಿಕರು ಇದನ್ನು ವಾಕ್ಛಲವೆನ್ನುವರು. ದ್ರೋಣಪರ್ವದ ಅಶ್ವತ್ಥಾಮವೆಂಬ ಆನೆಯು ಯಾರ ನೆನಪಿಗಾದರೂ ಬರುವುದು. ಆ ಆನೆಗೆ ಆ ಹೆಸರು ಮೊದಲೇ ಇದ್ದಿತು. ಇಲ್ಲಿ ಹೇಳುವ ಮಾತಿಗೆ ತಕ್ಕಂತೆ ದ್ವೀಪಕ್ಕೇ ಹೆಸರಿಟ್ಟರು. ನಿಜದ ಹೊದಿಕೆಯೊಳಗೆ ಸುಳ್ಳನ್ನು ನುಡಿದುದಕ್ಕೆ, ನೆಲದ ಮೇಲೆ ನಾಲ್ಕಂಗುಲ ಎತ್ತರದಲ್ಲಿ ಚಲಿಸುತ್ತಿದ್ದ ಧರ್ಮರಾಯನ ರಥವು ನೆಲಕ್ಕಿಳಿಯಿತು. ಇಲ್ಲಿಯೂ ಅದೇ ವ್ಯತ್ಯಾಸ: ಯಾರ ರಥವೂ ಇಳಿಯುವುದಿಲ್ಲ. ಅಷ್ಟಲ್ಲದೆ ಈ ಛಲವು ಕನ್ನಡದಲ್ಲಿ ನಡೆಯತಕ್ಕುದಲ್ಲ. ಇಂಗ್ಲಿಷಿನ ‘ಕಸಿನ್’ ಎಂಬ ಶಬ್ದವು ದೊಡ್ಡಪ್ಪನ ಮಗನನ್ನೂ ಚಿಕ್ಕಮ್ಮನ ಮಗಳನ್ನೂ ಸೋದರಮಾವನ ಮಗನನ್ನೂ ಸೋದರತ್ತೆಯ ಮಗಳನ್ನೂ ಒಂದೇ ಚೀಲದಲ್ಲಿ ಕಟ್ಟುವುದು. ಕನ್ನಡದ ತಾಯಿಯು, ಯಾರ ಮದುವೆ, ಯಾವ ಕಡೆಯವರದು, ಕರೆಯೋಲೆ ಮನೆಗೇಕೆ ಬರಲಿಲ್ಲ ಎಂದು ಕೇಳುವಳು. ಮೂರನೆಯ ಪ್ರಶ್ನೆಗೆ ದ್ವೀಪವು ಮುಳುಗಿಹೋಗುವುದು.

೨೦೨೪ರ ಉಪಾಯವು ಅಂತರರಾಷ್ಟ್ರೀಯ ದಿನರೇಖೆಯನ್ನು ಹಡಗಿನಲ್ಲಿ ದಾಟಿ ಫೆಬ್ರವರಿ ೧೪ನ್ನೇ ಇಲ್ಲವಾಗಿಸುವುದು. ಪಂಚಾಂಗದಲ್ಲಿ ಕ್ಷಯತಿಥಿಯನ್ನು ನೋಡಿ ಬೆಳೆದವರಿಗೆ ದಿನವೊಂದು ಲೋಪವಾಗುವುದು ಅದ್ಭುತವೇನೂ ಅಲ್ಲ. ಏನನ್ನೂ ಮಾಡದಿರಬೇಕೆಂಬ ಫಲಕ್ಕಾಗಿ ಹಡಗನ್ನು ಸಾಗರಕ್ಕಿಳಿಸುವ ಯತ್ನವಿದೆಯಲ್ಲ, ಅದು ವಿಚಿತ್ರಾಲಂಕಾರ. ಬಯಸಿದ ಫಲಕ್ಕೆ ವಿಪರೀತವಾದ ಪ್ರಯತ್ನವೆಂದೇ ಅದರ ಲಕ್ಷಣ.

೨೦೨೫ರ ಕಲ್ಪನೆಯು ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ತರುಣರ ಯಾವ ಷೋಕಿಯನ್ನಾದರೂ ವಯಸ್ಸಾದ ‘ಅಂಕಲ್’ಗಳು ಅನುಕರಿಸತೊಡಗಿದರೆ ತರುಣರು ಅದನ್ನು ಬಿಟ್ಟುಬಿಡುವರು, ಆದುದರಿಂದ ಪ್ರೇಮಿಗಳ ದಿನವನ್ನು ಅಂಕಲ್‌ಗಳ ಕೈಗೆ ಒಪ್ಪಿಸಿದರೆ ಅದು ತಾನಾಗಿ ನಾಶವಾಗುವುದು ಎಂಬುದು ಅದರ ಸಾರ. ಶೃಂಗಾರದ ಅನುಕೃತಿಯೇ ಹಾಸ್ಯವೆಂದು ಭರತನು ಹೇಳಿರುವ ಮಾತಿನ ಮೇಲೆ ಇಡೀ ಪ್ರಯೋಗವನ್ನು ನಿಲ್ಲಿಸಿದಂತಿದೆ. ಅನುಚಿತವಾದ ಆಶ್ರಯದಲ್ಲಿ ತೋರಿದ ರತಿಯು ರಸಾಭಾಸವಾಗಿ ನಗೆಯಲ್ಲಿ ಮುಗಿಯುವುದೆಂಬುದನ್ನು ಅಭಿನವಗುಪ್ತನು ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ಲೋಕಸ್ವಭಾವವನ್ನು ಇಷ್ಟು ಚೆನ್ನಾಗಿ ನೋಡಿದ ಜಾಹೀರಾತು ವಿರಳ. ಐವತ್ತು ದಾಟಿದ ಅಧ್ಯಾಪಕರಿಗೆ ಅದು ಸ್ವಲ್ಪ ಚುಚ್ಚಬಹುದು. ಚುಚ್ಚಿದ ಮಾತ್ರಕ್ಕೆ ಸುಳ್ಳಾಗದು.

ಆದರೆ ಇಲ್ಲಿ ಕಥೆಗೂ ತಿನಿಸಿಗೂ ಇದ್ದ ಬಂಧವು ಕಡಿದುಹೋಗಿದೆ. ದರ್ಜಿಯ ಅಂಗಡಿಯಲ್ಲಿ ಫೈವ್ ಸ್ಟಾರನ್ನು ತೆಗೆದುಬಿಟ್ಟರೆ ಷರಾಯಿಯು ಗಿಡ್ಡವಾಗುವುದಿಲ್ಲ. ಮುದುಕಿಯ ಕಥೆಯಲ್ಲಿ ಅದನ್ನು ತೆಗೆದುಬಿಟ್ಟರೆ ತರುಣನು ಬರಿಯ ಒರಟನಾಗುವನು. ಅಂಕಲ್‌ಗಳ ಉಪಾಯಕ್ಕೆ ಅದು ಬೇಕಾಗಿಯೇ ಇಲ್ಲ. ಹೂವಿನ ವ್ಯಾಪಾರಕ್ಕೆ ಎದುರಾಗಿ ನಿಂತ ಯಾವ ಅಂಗಡಿಯವನಾದರೂ ಇದೇ ಕಥೆಯನ್ನು ಹೇಳಬಹುದಾಗಿತ್ತು. ಹಲ್ಲಿಗೆ ಹತ್ತುವ, ಎಳೆಯಾಗಿ ಜಗ್ಗುವ, ಬಾಯಲ್ಲಿ ಹೊತ್ತು ನಿಲ್ಲುವ ಆ ಕ್ಯಾರಮೆಲಿನ ಮಾತು ಅದರಲ್ಲಿ ಎಲ್ಲಿಯೂ ಕೆಲಸಮಾಡುವುದಿಲ್ಲ.